ಹಾಲೇಶ್ ತಟ್ಟಿ ನೋಡದ ಡಬ್ಬಿ

ಭದ್ರಾವತಿಯ ನ್ಯೂ ಟೌನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲೇಶ್ ತಮ್ಮ ಶೆಡ್ಡಿನ ಕುಲುಮೆಯಿಂದ ಆರಿದ ಲೋಹದ ಡಬ್ಬಿಯನ್ನು ಹೊರಗೆತ್ತಿ ಕೌದಿಯ ಮೇಲಿಡುತ್ತಾರೆ. ಬಲಗೈ ಸಣ್ಣ ಸುತ್ತಿಗೆಯತ್ತ ಹೋಗಿ, ಅಲ್ಲೇ ನಿಲ್ಲುತ್ತದೆ. ಇಲ್ಲಿನ ಶೆಡ್ಡುಗಳಲ್ಲಿ ಮುಗಿದ ಕೆಲಸವನ್ನು ಒಮ್ಮೆ ತಟ್ಟಿ, ನಾದ ಕೇಳಿಯೇ ಕೊಡುವುದು ರೂಢಿ.

"ಹಳೇ ಚಾಳಿ ಅಮ್ಮ, ಕೈ ಮಾತು ಕೇಳಲ್ಲ," ಕೆಲಸ ನೋಡಲು ಬಂದ ನನಗೆ ಅವರು ಹೇಳುತ್ತಾರೆ. "ಹೋದ ಸಲ ತಟ್ಟಿನೇ ಕೆಡಿಸಿದ್ದು."

ಡಬ್ಬಿ ಹೋಗುವುದು ಶಿವಮೊಗ್ಗದ ನವುಲೆ ಕಡೆಯ ಒಂದು ಪುಟ್ಟ ಪ್ರಯೋಗಾಲಯಕ್ಕೆ. ಅಲ್ಲಿ ಅಕ್ಷರಾ ಎಂಬ ವಿಜ್ಞಾನಿ ಕ್ಯೂಬಿಟ್‌ಗಳ ಮೇಲೆ ಕೆಲಸ ಮಾಡುತ್ತಾರೆ. ಕ್ಯೂಬಿಟ್ ಎಂದರೆ ಕ್ವಾಂಟಮ್ ಕಂಪ್ಯೂಟರಿನ ಬೀಜವಿದ್ದಂತೆ. ಪುಟ್ಟ ಚಿಪ್ ಒಂದರ ಮೇಲೆ ಎಳೆದ ಲೋಹದ ಗೆರೆಗಳು. ನಕ್ಷತ್ರಗಳ ನಡುವಿನ ಬಯಲಿಗಿಂತಲೂ ಹೆಚ್ಚಿನ ಚಳಿಯಲ್ಲಿ ಅದರೊಳಗೆ ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದೆ; ಸೊನ್ನೆಯನ್ನೂ ಒಂದನ್ನೂ ಅದು ಒಟ್ಟಿಗೇ ಹಿಡಿದುಕೊಳ್ಳುತ್ತದೆ. ಆದರೆ ಹೊರಗಿನ ಅಷ್ಟಿಷ್ಟು ಗದ್ದಲಕ್ಕೂ ಆ ಹಿಡಿತ ತಪ್ಪುತ್ತದೆ. ಗದ್ದಲವೆಂದರೆ ಕಿವಿಗೆ ಕೇಳುವುದಲ್ಲ. ಕರೆಂಟಿನ ತಂತಿ, ಲಿಫ್ಟು, ಮೊಬೈಲು, ಒಂದು ಚೂರು ಬಿಸಿ, ಕೊನೆಗೆ ಈ ಭೂಮಿಯ ಕಾಂತತ್ವ ಕೂಡ. ಹಾಲೇಶರ ಡಬ್ಬಿ ಕಾಂತತ್ವವನ್ನು ತನ್ನ ಗೋಡೆಯೊಳಗೇ ಎಳೆದುಕೊಂಡು, ಒಳಗಿಟ್ಟ ಕ್ಯೂಬಿಟ್ಟಿಗೆ ತಾಗದಂತೆ ಸುತ್ತು ಹಾಕಿಸಿ ಸಾಗಿಸಿಬಿಡುತ್ತದೆ. ಡಬ್ಬಿಯ ಮಿಶ್ರಲೋಹಕ್ಕೆ ಈ ಗುಣ ಬರುವುದು ಕಾಯಿಸಿ ಆರಿಸಿದ ಮೇಲೆ. ಆಮೇಲೆ ಪೆಟ್ಟು ಬಿದ್ದರೆ ಗುಣ ಕುಂದುತ್ತದೆ.

ಊರಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸ ನಿಂತ ಮೇಲೆ ಹಾಲೇಶ್ ನೀರಿನ ಟ್ಯಾಂಕು, ಹಾಲಿನ ಕ್ಯಾನು ಮಾಡಿ ಸಂಸಾರ ನಡೆಸಿದವರು. ಇಂಥ ಕೆಲಸ ಮೊದಲ ಸಲವೇ ಕೆಟ್ಟಾಗ ಕುಗ್ಗಿದ್ದರು. "ಬಯ್ತಾರೆ ಅನ್ಕೊಂಡು ಹೋದೆ. ಆಯಮ್ಮ ಕೂರಿಸಿ, ಕಾಫಿ ಕೊಟ್ಟು, ಯಾಕೆ ಕೆಡ್ತು ಅಂತ ಹೇಳಿಕೊಟ್ರು." ಈ ಸಲವೂ ಕೆಟ್ಟರೆ ಡಬ್ಬಿ ಹೊರದೇಶದಿಂದ ಬರಬೇಕು. ಅಲ್ಲಿಯವರೆಗೆ ಅಕ್ಷರಾ ಅವರ ಪ್ರಯೋಗ ನಿಲ್ಲುತ್ತದೆ. ಹಾಲೇಶರಿಗೆ ಈ ಕೆಲಸ ಮತ್ತೆ ಸಿಗುವುದಿಲ್ಲ.

ಹೆಂಡತಿ ಬಂಗಾರಮ್ಮ ತಾವು ಹೊದೆಯುವ ಕೌದಿಯನ್ನೇ ಡಬ್ಬಿಗೆ ಸುತ್ತಿಕೊಟ್ಟಿದ್ದಾರೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹಾಲೇಶರನ್ನು ಕಂಡಕ್ಟರ್ ಮಲ್ಲೇಶ್ ರೇಗಿಸುತ್ತಾರೆ.

"ಏನ್ ಹಾಲೇಶಣ್ಣ, ಮೊಮ್ಮಗುನಾ?"

"ಅದಕ್ಕಿಂತ ನಾಜೂಕು ಮಾರಾಯ. ಹಂಪ್‌ನಲ್ಲಿ ಎತ್ತಾಕ್ಬೇಡಿ."

"ಅಳದಿದ್ರೆ ಟಿಕೆಟ್ ಇಲ್ಲ ಬಿಡಿ!" ಎನ್ನುತ್ತಲೇ ಮಲ್ಲೇಶ್ ಮುಂದೆ ಹೋಗಿ ಡ್ರೈವರ್ ಕಿವಿಯಲ್ಲಿ ಏನೋ ಹೇಳುತ್ತಾರೆ. ಶಿವಮೊಗ್ಗದವರೆಗೂ ಬಸ್ಸು ಪ್ರತಿ ಉಬ್ಬನ್ನೂ ಮೆಲ್ಲಗೆ ಹತ್ತಿ ಇಳಿಯುತ್ತದೆ. ಆಕಾಶಕ್ಕಿಂತ ತಣ್ಣಗಿನ ಒಂದು ನಿಶ್ಶಬ್ದಕ್ಕಾಗಿ ಇಷ್ಟು ಜನರ ಬಸ್ಸು ನಿಧಾನವಾಗಿದೆ ಎಂಬುದು ಉಳಿದ ಪ್ರಯಾಣಿಕರಿಗೆ ಗೊತ್ತಿಲ್ಲ.

ಡಬ್ಬಿಯನ್ನೂ ಕ್ಯೂಬಿಟ್ಟನ್ನೂ ಒಳಗಿಟ್ಟು ತಣಿಸುವ ಪ್ರಯೋಗಾಲಯದ ಯಂತ್ರ ಪೂರ್ತಿ ತಣ್ಣಗಾಗಲು ದಿನಗಳೇ ಬೇಕು. ಮರುವಾರ ನಾನು ಮತ್ತೆ ಶೆಡ್ಡಿನಲ್ಲಿದ್ದಾಗ ಫೋನು ಬರುತ್ತದೆ. ಹಾಲೇಶ್ ಸ್ಪೀಕರ್ ಹಾಕುತ್ತಾರೆ.

"ಮಾಮ, ಕ್ಯೂಬಿಟ್ ಹಿಡಿತ ತಪ್ಪದೆ ನಿಂತಿದೆ! ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಹೊತ್ತು ನಿಂತಿದೆ!" ಆ ಕಡೆಯಿಂದ ಅಕ್ಷರಾ.

"ಅಂದ್ರೆ ಎಷ್ಟ್ ಹೊತ್ತಮ್ಮ?"

"ಕಣ್ಣು ಮಿಟುಕಿಸೋಷ್ಟೂ ಇಲ್ಲ ಮಾಮ. ಅದ್ರಲ್ಲಿ ಸಾವಿರದಲ್ಲೊಂದು ಪಾಲೂ ಇಲ್ಲ."

ಹಾಲೇಶ್ ಸುತ್ತಿಗೆಯನ್ನು ಮೊಳೆಗೆ ನೇತುಹಾಕುತ್ತಾ ಹೇಳುತ್ತಾರೆ:

"ಅಷ್ಟು ಹೊತ್ತು ಅದನ್ನ ಯಾರೂ ಎಬ್ಬಿಸ್ಲಿಲ್ಲ ಅಲ್ವಾ? ಸಾಕು."