ಬಾಣಂತಿಗೆ ಎರಡು ಲೋಟ ನೀರು

ಅಕ್ಕ ಹೆತ್ತು ಒಂಬತ್ತನೆಯ ದಿನ, ಮುಂಬೈ ಮಲಾಡಿನ ನಮ್ಮ ಚಾಳಿನ ಕೋಣೆಯಲ್ಲಿ ಹಾಲೂಡಿಸುತ್ತಿದ್ದವಳ ಬಲಗೈ ಇದ್ದಕ್ಕಿದ್ದಂತೆ ಜಗ್ಗತೊಡಗಿತು. ಮಗುವನ್ನು ನಾನು ಎತ್ತಿಕೊಳ್ಳುವಷ್ಟರಲ್ಲಿ ಅವಳ ಇಡೀ ಮೈ ಸೆಟೆದು ಅದುರುತ್ತಿತ್ತು. ಆಸ್ಪತ್ರೆ ಮುಟ್ಟುವವರೆಗೂ ರಿಕ್ಷಾದಲ್ಲಿ ಫೋನು ನೋಡಿದೆ. ಬಾಣಂತಿಗೆ ಫಿಟ್ಸ್ ಬಂದರೆ ಬಿಪಿಯೇ ಕಾರಣ ಎಂದು ತೀರ್ಮಾನಿಸಿಬಿಟ್ಟೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು ನಾನು; ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸುವವಳಲ್ಲ. ಅಲ್ಲಿದ್ದ, ಸೋಲಾಪುರದ ಕಡೆಯ ಕನ್ನಡ ಮಾತಾಡುವ ಲೇಡಿ ಡಾಕ್ಟರ ಎದುರು ಬಿಪಿಯ ಪರವಾಗಿ ವಾದವನ್ನೇ ಹೂಡಿದೆ. ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಡಿಸುತ್ತಲೇ ಅವರು ಪೂರ್ತಿ ಕೇಳಿಸಿಕೊಂಡರು.

"ತಂಗಿ, ನಿನ್ನ ಮಾತು ತಪ್ಪು ಅನ್ಬೇಕಾದ್ರ ಏನು ಕಾಣ್ಬೇಕು?"

ಬಿಪಿ ನಾರ್ಮಲ್ ಇರಬೇಕು, ಅಂದೆ. ಬಿಪಿ ಬರೆದಿದ್ದ ಕೇಸ್ ಪೇಪರ್ ತೋರಿಸಿದರು. ನಾರ್ಮಲ್ಲೇ ಇತ್ತು. ಅಷ್ಟಕ್ಕೆ ಅವರು ಗೆದ್ದೆನೆಂದುಕೊಳ್ಳಲಿಲ್ಲ. ಬಿಪಿ ಒಮ್ಮೊಮ್ಮೆ ಮೋಸ ಮಾಡುತ್ತದೆಂದು, ಪ್ರೋಟೀನ್ ಇದೆಯೇ ನೋಡಲು ಮೂತ್ರ ಪರೀಕ್ಷೆಗೂ ಕಳಿಸಿದರು; ಅದೂ ಇರಲಿಲ್ಲ. ತಮ್ಮ ಊಹೆಯನ್ನೂ ಅನುಮಾನಿಸುವ ಇಂಥ ವಾದಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಮೊದಲು ಜಗ್ಗಿದ್ದು ಯಾವ ಕೈ, ತಲೆನೋವಿತ್ತೇ ಎಂದು ಕೇಳಿದರು. ಬಲಗೈ, ಅಂದೆ. ತಲೆನೋವೂ ಇತ್ತು, ನಾಲ್ಕು ದಿನದಿಂದ, ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡಿದ್ದೆವು. ಆಮೇಲೆ, ಬಾಣಂತನ ಮಾಡುತ್ತಿದ್ದ, ಮಗುವನ್ನೆತ್ತಿಕೊಂಡು ನಮ್ಮ ಜೊತೆ ಬಂದಿದ್ದ ಅವ್ವನ ಕಡೆ ತಿರುಗಿದರು.

"ಅವ್ವಾರ, ದಿನಕ್ಕ ನೀರು ಎಷ್ಟು ಕೊಡ್ತಿದ್ರಿ?"

"ಎರಡ ಲೋಟ್ರಿ. ಹಸಿ ಬಾಣಂತಿ, ಹೆಚ್ಚಿಗಿ ಕುಡದ್ರ ಹೊಟ್ಟಿ ಬರ್ತದಲ್ರಿ."

ಮೇ ತಿಂಗಳ ಸೆಕೆ. ಹಿಂದಿನ ದಿನವಷ್ಟೇ ಅಕ್ಕ ನೀರು ಕೇಳಿದಾಗ, ಅವ್ವನ್ನ ಕೇಳು ಎಂದಿದ್ದೆ. ಜಾತಕ, ಹರಕೆ ಅಂತ ಅವ್ವನೊಂದಿಗೆ ದಿನಾ ಜಗಳವಾಡುವ ನಾನು ಆ ಲೋಟದ ಬಗ್ಗೆ ತಕರಾರೇ ಎತ್ತಿರಲಿಲ್ಲ.

ಎಂಆರ್‌ಐನಲ್ಲಿ ಕಂಡಿತು: ಮೆದುಳಿನಿಂದ ರಕ್ತ ಹೊರಗೊಯ್ಯುವ ನಾಳದಲ್ಲಿ ಹೆಪ್ಪು. ಬಾಣಂತಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುತ್ತದಂತೆ, ನೀರು ಕಡಿಮೆಯಾದರೆ ಇನ್ನೂ ಬೇಗ. ತುಸು ರಕ್ತ ಸೋರಿಯೂ ಇತ್ತು. ಹಾಗಿದ್ದೂ ರಕ್ತ ತೆಳುವಾಗಿಸುವ ಇಂಜೆಕ್ಷನ್ ಯಾಕೆ ಎಂದು ಮತ್ತೆ ವಾದಕ್ಕಿಳಿದೆ. ನಾಳ ಕಟ್ಟಿಕೊಂಡೇ ಇದ್ದರೆ ಒತ್ತಡಕ್ಕೆ ಇನ್ನಷ್ಟು ಸೋರುತ್ತದೆ ಎಂದರು.

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ಗದರಲಿಲ್ಲ.

"ನನ್ನ ಬಾಣಂತನದಾಗ ನಮ್ಮವ್ವನೂ ಹಿಂಗ ಲೋಟ ಎಣಸ್ತಿದ್ಲು. ನೀವು ಖರೇ ಹೇಳಿದ್ರಿ, ಅದಕ್ಕ ಲಗೂನ ಗೊತ್ತಾತು."

ಮೂರನೆಯ ದಿನ ಅಕ್ಕ ಪೂರ್ತಿ ಎಚ್ಚರಾಗಿ ಮಗುವನ್ನು ಕೇಳಿದಳು. ಅವಳ ತಲೆ ಎತ್ತಿ ಹಿಡಿದು ಅವ್ವ ನೀರು ಕುಡಿಸಿದಳು, ಸಾಕು ಎಂದರೂ ಕೇಳದೆ ಇನ್ನೊಂದು ಲೋಟ ತುಂಬಿಸಿದಳು.