ಏಳಕ್ಕೆ ಸೇರದ ಅರ್ಧ ಇಂಚು

೧೯೯೮ರಲ್ಲಿ ನಾನು ಬ್ರಹ್ಮಾವರದ ಒಂದು ಹೋಟೆಲ್ ಕಟ್ಟಡದಲ್ಲಿ ಮರದ ಕೆಲಸಕ್ಕಿದ್ದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಉಳಿದ ಪಾಠವನ್ನು ಉಳಿ, ಕೈವಾರಗಳೇ ಹೇಳಿಕೊಟ್ಟವು. ಅಲ್ಲಿ ಏಳು ಮೂಲೆಯ ಮೇಜು ಬೇಕಿತ್ತು. ನಡುವಿನಿಂದ ಮೂಲೆಗೆ ಮೂರು ಅಡಿ.

ವೃತ್ತವನ್ನು ಆರು ಸಮಪಾಲು ಮಾಡುವುದು ಸುಲಭ. ವೃತ್ತ ಎಳೆದ ಅಳತೆಯಲ್ಲೇ ಕೈವಾರ ನಡೆಸಿದರೆ ಸರಿಯಾಗಿ ಆರು ಹೆಜ್ಜೆ. ಎಂಟೂ ಬರುತ್ತದೆ, ಕಷ್ಟಪಟ್ಟರೆ ಐದೂ ಬರುತ್ತದೆ. ಏಳು ಮಾತ್ರ ಕೈವಾರ, ಗೆರೆಪಟ್ಟಿಗೆ ಸಿಕ್ಕುವುದೇ ಇಲ್ಲ. ಹಾಗೆ ಕೈಕೊಡುವ ಮೊದಲ ಸಂಖ್ಯೆ ಅದು. ೩೬೦ ಡಿಗ್ರಿಯನ್ನು ಏಳರಿಂದ ಭಾಗಿಸಿ ನೋಡಿ: ೫೧.೪೨೮೫೭೧, ಮತ್ತೆ ೪೨೮೫೭೧, ಮುಗಿಯುವುದಿಲ್ಲ.

ಅಪ್ಪ ಕಲಿಸಿದ ಉಪಾಯ ಹೀಗೆ. ಆರು ಗುರುತುಗಳಲ್ಲಿ ಒಂದು ಬಿಟ್ಟು ಒಂದನ್ನು ಸೇರಿಸಿದರೆ ತ್ರಿಕೋನ. ಅದರ ಒಂದು ಬದಿಯ ಅರ್ಧಕ್ಕೆ ಕೈವಾರ ಅಗಲಿಸಿ ಏಳು ಸಲ ನಡೆಸಬೇಕು. ಮೂರಡಿಯ ವೃತ್ತದಲ್ಲಿ ಕೊನೆಗೆ ಅರ್ಧ ಇಂಚು ಉಳಿಯುತ್ತದೆ. ಅದನ್ನು ಎರಡನೇ ಸುತ್ತಿನಲ್ಲಿ ಏಳೂ ಬದಿಗೆ ಹಂಚಬೇಕು.

ಮೊದಲ ಸುತ್ತು ಮುಗಿದಿತ್ತಷ್ಟೆ. ಇಂಜಿನಿಯರ್ ಬಂದು ನಿಂತ.

"ಹ್ವಾಯ್ ಆಚಾರ್ರೆ, ಈ ಅರ್ಧ ಇಂಚ್ ಎಂತಕ್ ಉಳೀತ್?"

"ಇನ್ನೊಂದ್ ಸುತ್ತ್ ನಡ್ಸುಕಿತ್ತ್, ಕಾಣಿ."

"ಆರನೇ ಕ್ಲಾಸಿಗೆ ಶಾಲೆ ಬಿಟ್ರೆ ಭಾಗಾಕಾರ ಎಲ್ಲಿಂದ ಬತ್ತ್?"

ಕೆಲಸದವರೆಲ್ಲ ನಕ್ಕರು. ಅಂದೇ ನನ್ನನ್ನು ಕೆಲಸದಿಂದ ಬಿಡಿಸಿದ. "ಏಳ್ ಬಾರದ ಆಚಾರಿ" ಎಂಬ ಹೆಸರು ನನಗಿಂತ ಮೊದಲೇ ಕುಂದಾಪುರ ತಲುಪಿತು. ಎಂಟು ವರ್ಷ ಆ ಹೆಸರನ್ನು ಹೊತ್ತು ದುಡಿದೆ.

೨೦೦೬ರಲ್ಲಿ ಬೈಂದೂರಿನ ಶೆಟ್ಟರೊಬ್ಬರು ಹೇಳಿಕಳಿಸಿದರು. ಅವರ ಹೊಸ ಮನೆಯ ಜಗಲಿಗೆ ಅದೇ ಅಳತೆಯ, ಏಳು ಮೂಲೆಯ ಮರದ ಮುಚ್ಚಿಗೆ, ಅಂದರೆ ಒಳಛಾವಣಿ. ಹಲಸಿನ ಏಳು ತ್ರಿಕೋನ ತುಂಡು ಕೊಯ್ದಾಗಿದೆ. ಜೋಡಿಸಿದರೆ ಅಂಚಿನಲ್ಲಿ ಹತ್ತಿರ ಹತ್ತಿರ ಎರಡು ಇಂಚು ಬಾಯಿ ಬಿಡುತ್ತದೆ. ನಕ್ಷೆ ನೋಡಿದೆ. ಪ್ರತಿ ತುಂಡಿಗೂ ೫೧ ಡಿಗ್ರಿ ಎಂದು ಬರೆದಿತ್ತು. ಏಳು ಐವತ್ತೊಂದಲ ೩೫೭. ಮೂರು ಡಿಗ್ರಿ ನುಂಗಿದವನು ಪಕ್ಕದಲ್ಲೇ ನಿಂತಿದ್ದ. ಅದೇ ಇಂಜಿನಿಯರ್.

"ಸರಿ ಮಾಡ್ತೆ ಶೆಟ್ರೆ," ಎಂದೆ. "ಮೊದ್ಲ್ ಇಂಜಿನಿಯರ್ರ್ ಕೈವಾರ ಹಿಡ್ದ್ ಒಂದ್ ಏಳ್ ಮಾಡಿ ತೋರ್ಸ್ಲಿ."

ಶೆಟ್ಟರು ಅವನ ಮುಖ ನೋಡಿದರು. ಅವನು ನೆಲದ ಮೇಲೆ ಕೂತು ಮೂರಡಿಯ ವೃತ್ತ ಎಳೆದ. ಅಪ್ಪನ ಅಳತೆಯನ್ನು ನಾನೇ ಹೇಳಿಕೊಟ್ಟೆ. ಅರ್ಧ ಇಂಚು ಉಳಿಯಿತು. ಕೈವಾರ ಅಗಲಿಸಿದ, ದಾಟಿಹೋಯಿತು. ಕಿರಿದು ಮಾಡಿದ, ಮತ್ತೆ ಉಳಿಯಿತು. ಅಂಗಿ ಬೆನ್ನಿಗೆ ಅಂಟಿತು. ಹೀಗೆ ಒಂಬತ್ತು ಸಲ, ನಾನು ಎಣಿಸಿದೆ.

"ಎಂತ ಇಂಜಿನಿಯರ್ರೆ, ಭಾಗಾಕಾರ ಬತ್ತಿಲ್ಯಾ?" ಎಂದೆ.

ಈ ಸಲದ ನಗು ನನ್ನ ಮೇಲಲ್ಲ.

ಆಮೇಲೆ ತುಂಡುಗಳ ನಡುವೆ ಬೀಟಿ ಮರದ ಏಳು ಕಪ್ಪು ಪಟ್ಟಿ ಕೂರಿಸಿದೆ. ಅಂಚಿನಲ್ಲಿ ಕಾಲು ಇಂಚಿಗಿಂತ ಕೂದಲೆಳೆ ಹೆಚ್ಚು, ನಡುವಿನಲ್ಲಿ ಸೂಜಿಮೊನೆ. ಚಂದಕ್ಕೆಂದೇ ಮಾಡಿಸಿದ್ದು ಎಂದು ಇವತ್ತಿಗೂ ಬಂದವರು ಹೊಗಳುತ್ತಾರೆ.

ಕೆಲಸ ಕಲಿಸಿದ್ದು ಇಷ್ಟು: ಉಳಿಯುವುದನ್ನು ಒಪ್ಪಿಕೊಂಡು ಹಂಚಬೇಕು, ಇಲ್ಲವೆಂದು ನುಂಗಿದರೆ ಅದು ಒಂದೇ ಕಡೆ ಬಾಯಿ ಬಿಡುತ್ತದೆ. ಆ ವೃತ್ತಕ್ಕೆ ಕೈವಾರವನ್ನು ಇಂಚಿನ ಹದಿನಾರನೇ ಒಂದು ಪಾಲು ಮಾತ್ರ ಅಗಲಿಸಿದರೆ ಸಾಕಿತ್ತು. ಅವನು ಬೆವರುತ್ತಿದ್ದಾಗ ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಬೇಕಿದ್ದರೆ ಈಗ ಓದಿ ಕಲಿಯಲಿ, ಆರನೇ ಕ್ಲಾಸಿನವನು ಬರೆದದ್ದನ್ನು.