ಗಯಾಜ್ ಭಾಯ್ ಕಾಯ್ದ ಅಂತರ

ಶಿವಾಜಿನಗರದಿಂದ ಹಲಸೂರಿಗೆ ಹೋಗುವ ಶೇರ್ ಆಟೋಗಳಿಗೆ ಟೈಮ್ ಹೇಳುವುದೇ ಗಯಾಜ್ ಭಾಯ್ ಕಸುಬು. ಕಮರ್ಷಿಯಲ್ ಸ್ಟ್ರೀಟ್ ದಾಟಿದ ತಿರುವಿನಲ್ಲಿ ಹದಿನೇಳು ವರ್ಷದಿಂದ ನೋಟ್‌ಬುಕ್ ಹಿಡಿದು ನಿಂತಿದ್ದ. ಎರಡು ಆಟೋ ಒಟ್ಟಿಗೆ ಹೋದರೆ ಹಿಂದಿನವನಿಗೆ ಗಿರಾಕಿ ಸಿಗುವುದಿಲ್ಲವಲ್ಲ, ಅದಕ್ಕೇ ಅವನು ಬೇಕು. "ಮುಂದೆ ಹೋದೋನು ದಾಟಿ ಎರಡೇ ನಿಮಿಷ, ನಿಧಾನ" ಎನ್ನುತ್ತಿದ್ದ, ಇಲ್ಲವೇ, "ಎಂಟು ನಿಮಿಷ ಆಯ್ತು, ಹೊಡಿ." ಡ್ರೈವರುಗಳು ಕೊಡುವುದರಲ್ಲೇ ಮನೆ ನಡೆಯುತ್ತಿತ್ತು. ಹೆಂಡತಿ ಜಹನಾರಾ ಮಾತ್ರ ಇದನ್ನೊಂದು ಕೆಲಸ ಅಂತ ಒಪ್ಪಿದವಳೇ ಅಲ್ಲ.

ಈಚೆಗೆ ಡ್ರೈವರುಗಳ ಮುಖಂಡ ಅಮೃತಪ್ಪನೂ ಅದೇ ರಾಗ ತೆಗೆದಿದ್ದ. "ಎಲ್ರ ಕೈಲೂ ಮೊಬೈಲ್ ಐತೆ ಭಾಯ್. ಇನ್ನ ನೀವ್ಯಾಕೆ?" ಗಯಾಜನಿಗೆ ಚಿಂತೆ ಹತ್ತಿತು. ಈ ವಯಸ್ಸಿನಲ್ಲಿ ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ?

ಅಂಥ ಹೊತ್ತಿನಲ್ಲಿ ರಾಜೇಶ್ವರಿ ಮೇಡಂ ಬಂದರು. ದಿನಾ ಅದೇ ಆಟೋದಲ್ಲಿ ಓಡಾಡುವ ಭೌತವಿಜ್ಞಾನಿ. ಒಂದೊಂದು ಆಟೋ ದಾಟಿದ ಹೊತ್ತನ್ನೂ ಅವನು ಬರೆದಿಟ್ಟ ನೋಟ್‌ಬುಕ್ಕಿನ ಫೋಟೋ ಹೊಡೆದುಕೊಂಡು ಹೋದವರು ವಾರ ಬಿಟ್ಟು ಗ್ರಾಫ್ ಹಿಡಿದು ಕುಣಿಯುತ್ತ ಬಂದರು.

"ಭಾರವಾದ ಪರಮಾಣುವಿನ ನ್ಯೂಕ್ಲಿಯಸ್ ಇದ್ಯಲ್ಲ, ಅದರ ಶಕ್ತಿ ಮಟ್ಟಗಳು ಏಣಿ ಮೆಟ್ಟಿಲ ಥರ. ಯಾವುದು ಎಲ್ಲಿರುತ್ತೆ ಹೇಳಕ್ಕಾಗಲ್ಲ. ಆದ್ರೆ ಎರಡು ಮೆಟ್ಟಿಲು ಹತ್ತಿರ ಬರಲ್ಲ, ಒಂದನ್ನೊಂದು ದೂರ ತಳ್ಳುತ್ತೆ. ಮನಬಂದಂಗೆ ಅಂಕಿ ತುಂಬಿದ ಮ್ಯಾಟ್ರಿಕ್ಸ್ ಇಟ್ಕೊಂಡು ಆ ಅಂತರಾನ ಲೆಕ್ಕ ಹಾಕ್ತೀವಿ. ನಿಮ್ಮ ಆಟೋಗಳ ಅಂತರಾನೂ ಥೇಟ್ ಹಂಗೇ ಇದೆ."

ಗಯಾಜನಿಗೆ ಅರ್ಥವಾದದ್ದು ಇಷ್ಟೇ: ತನ್ನ ಕೆಲಸಕ್ಕೆ ವಿಜ್ಞಾನದ ಮೊಹರು ಬಿತ್ತು. ಮೇಡಂ ಅವರನ್ನು ಸೀದಾ ಅಮೃತಪ್ಪನ ಮುಂದೆ ನಿಲ್ಲಿಸಿದ. ಬುದ್ಧಿ ನೋಡಿ ಇವನದು.

ಅಮೃತಪ್ಪ ಗ್ರಾಫನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದ: "ಆ ನ್ಯೂಕ್ಲಿಯಸ್ಸಲ್ಲಿ ಟೈಮ್ ಹೇಳಕ್ಕೆ ಯಾರನ್ನ ನಿಲ್ಸವ್ರೆ?"

"ಯಾರೂ ಇಲ್ಲ. ತಾನಾಗೇ ಆಗುತ್ತೆ" ಎಂದರು ಮೇಡಂ. ಸತ್ಯಕ್ಕೆ ಚ್ಯುತಿ ಬರಬಾರದಲ್ಲ.

"ನೋಡಿದ್ರಾ ಭಾಯ್, ಸೈನ್ಸೇ ಹೇಳ್ತು" ಎಂದ ಅಮೃತಪ್ಪ. ಮರುದಿನದಿಂದ ಗಯಾಜ್ ಮನೆಯಲ್ಲಿ ಕೂತ.

ಹದಿನೈದೇ ದಿನಕ್ಕೆ ಆ ತಿರುವಿನ ಗತಿ ಕೇಳಬೇಡಿ. ಅರ್ಧ ಗಂಟೆ ಕಾದರೂ ಆಟೋ ಇಲ್ಲ. ಬಂದರೆ ನಾಲ್ಕು ಒಟ್ಟಿಗೆ. ಜನ ಹಿಡಿಶಾಪ ಹಾಕುತ್ತಿದ್ದರು. ಅವರ ನಡುವೆ ಮೇಡಂ ಮಾತ್ರ ವಾಚು ನೋಡಿಕೊಂಡು ಖುಷಿಯಾಗಿ ಬರೆದುಕೊಳ್ಳುತ್ತಿದ್ದರು.

"ನೀವು ಹೋದ್ಮೇಲೆ ಆಟೋ ಒಂದನ್ನೊಂದು ದೂರ ತಳ್ಳೋದು ಪೂರ್ತಿ ಮಾಯ, ಭಾಯ್" ಎಂದರು ಒಂದು ದಿನ ಆ ಕಡೆ ಬಂದ ಗಯಾಜನನ್ನು ಕಂಡು. "ಅಂತರ ಕಾಯ್ತಿದ್ದಿದ್ದು ನೀವೇ ಅಂತ ಸಾಬೀತಾಯ್ತು."

ಗಯಾಜನ ಕಣ್ಣು ತುಂಬಿ ಬಂತು. "ಅಮೃತಪ್ಪಂಗೆ ಹೇಳಿದ್ರಾ ಮೇಡಂ?"

"ಹೇಳ್ದೆ. ಪಾಪ, ಇವತ್ತೇ ನಿಮ್ಮನ್ನ ವಾಪಸ್ ಕರೀತೀನಿ ಅಂದ್ರು. ನಾನೇ ತಡೆದೆ. ಇನ್ನೂ ಆರು ತಿಂಗಳ ಡೇಟಾ ಬೇಕಲ್ಲ."